ದಿಂಬಂ ಘಟ್ಟ ಒಪ್ಪುವ ಗಾಡಿ

ತಾಳವಾಡಿ ಸೀಮೆಗೆ ಎರಡು ಬಾಗಿಲುಗಳು. ಉತ್ತರದ ಬಾಗಿಲು ಚಾಮರಾಜನಗರದ ಕಡೆಗೆ, ಹೊಲಗದ್ದೆಗಳ ನಡುವಿನ ಸುಗಮ ಹಾದಿಯಲ್ಲಿ ತೆರೆದುಕೊಳ್ಳುತ್ತದೆ. ದಕ್ಷಿಣದ ಬಾಗಿಲು ಹಾಗಲ್ಲ. ಹಾಸನೂರಿನ ಕಾಡನ್ನು ಹಾದು, ಸುಮಾರು 1,100 ಮೀಟರ್ ಎತ್ತರದ ದಿಂಬಂ ತಲುಪಿ, ಅಲ್ಲಿಂದ 27 ಹೇರ್‌ಪಿನ್ ತಿರುವುಗಳನ್ನು ಇಳಿದರೆ ಮಾತ್ರ ಬಣ್ಣಾರಿ ಅಮ್ಮನ ಗುಡಿಯ ಬಯಲು ಸಿಗುತ್ತದೆ. ಸತ್ಯಮಂಗಲದ ಹೂವಿನ ಮಾರುಕಟ್ಟೆ, ಮೆಟ್ಟುಪಾಳ್ಯ ಮತ್ತು ಕೊಯಮತ್ತೂರಿನ ಮಂಡಿಗಳು, ನಮ್ಮ ಜಿಲ್ಲಾ ಕೇಂದ್ರವಾದ ಈರೋಡು, ಎಲ್ಲವೂ ಈ ಬಾಗಿಲಿನ ಆಚೆಗಿವೆ. ಎಲೆಕೋಸು, ಬೀಟ್‌ರೂಟ್, ಆಲೂಗಡ್ಡೆ, ಬೆಳ್ಳುಳ್ಳಿ ಬೆಳೆಯುವ ಮನೆಗಳಿಗೆ ಘಟ್ಟದ ಈ ಹಾದಿ ವರ್ಷದ ಆದಾಯವನ್ನೇ ನಿರ್ಧರಿಸುವ ಹಾದಿ.

ಆದ್ದರಿಂದಲೇ ನಮ್ಮ ಸೀಮೆಯಲ್ಲಿ ಹಳೆಯ ಡೀಸೆಲ್ ಪಿಕಪ್ ಒಂದನ್ನು ಕೊಳ್ಳುವುದು ಇಡೀ ಮನೆಯ ನಿರ್ಧಾರವಾಗುತ್ತದೆ. ಒಡವೆ ಅಡವಿಟ್ಟು, ಹಸು ಮಾರಿ, ಸಾಲ ಕೂಡಿಸಿ ತರುವ ಗಾಡಿ ಅದು. ಹಾಗೆ ಕೊಳ್ಳಲು ಹೋದವರು ಮೊದಲು ಕೇಳುವ ಪ್ರಶ್ನೆ, ‘ಎಷ್ಟು ಎಳೆಯುತ್ತದೆ?’ ಎಂಬುದು. ಬಯಲುಸೀಮೆಗೆ ಆ ಪ್ರಶ್ನೆ ಸಾಕು. ದಿಂಬಂ ಘಟ್ಟದಲ್ಲಿ ಅದಕ್ಕಿಂತ ಮುಂಚೆ ಕೇಳಬೇಕಾದದ್ದು, ‘ಹೊರೆ ಹೊತ್ತು ಹೇಗೆ ಇಳಿಯುತ್ತದೆ?’ ಎಂದು. ನಮ್ಮ ಫಸಲು ಮೇಲಿನಿಂದ ಕೆಳಕ್ಕೆ ಹೋಗುತ್ತದೆ. ಗಾಡಿ ತುಂಬಿರುವಾಗಲೇ ಇಳಿಜಾರು. ಹಿಂದಿರುಗಿ ಹತ್ತುವಾಗ ಅನೇಕ ವೇಳೆ ತೊಟ್ಟಿ ಖಾಲಿ, ಇಲ್ಲವೇ ನಾಲ್ಕಾರು ಗೊಬ್ಬರದ ಚೀಲ.

ಇಳಿಜಾರಿನಲ್ಲಿ ಬ್ರೇಕ್ ಒತ್ತಿದಷ್ಟೂ ಗಾಡಿಯ ಓಟವೆಲ್ಲ ಶಾಖವಾಗಿ ಮಾರ್ಪಟ್ಟು ಡ್ರಮ್ಮು, ಡಿಸ್ಕುಗಳನ್ನು ಸೇರುತ್ತದೆ. ಅವು ಮಿತಿಮೀರಿ ಕಾದಾಗ ಲೈನಿಂಗ್ ತನ್ನ ಹಿಡಿತವನ್ನು ಕಳೆದುಕೊಳ್ಳುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ಗುಣದ್ದು. ವರ್ಷಗಟ್ಟಲೆ ಬದಲಿಸದಿದ್ದರೆ ಬೇಗ ಕುದಿದು ಆವಿಯಾಗುತ್ತದೆ, ಆಗ ಪೆಡಲ್ ಸ್ಪಂಜಿನಂತೆ ಕುಸಿಯುತ್ತದೆ. ಯಾವ ಗೇರಿನಲ್ಲಿ ಹತ್ತುವೆಯೋ ಅದೇ ಗೇರಿನಲ್ಲಿ ಇಳಿ ಎಂಬ ಚಾಲಕರ ಹಿತವಚನದ ಅರ್ಥ ಇದೇ: ವೇಗವನ್ನು ಎಂಜಿನ್ ಹಿಡಿದಿರಲಿ, ಬ್ರೇಕ್ ತಿರುವಿಗೆ ಮಾತ್ರ ಮೀಸಲಾಗಿರಲಿ. ಹೀಗಾಗಿ ಗಾಡಿ ನೋಡಲು ಹೋದಾಗ ಚಕ್ರ ಬಿಚ್ಚಿಸಿ ನೋಡಬೇಕು. ಡ್ರಮ್ಮಿನ ಮೇಲೆ ನೀಲಿಗಟ್ಟಿದ ಕಲೆಗಳಿದ್ದರೆ ಅದು ಅತಿಯಾಗಿ ಕಾದ ಗುರುತು. ಆಯಿಲ್ ತಿಳಿಬಣ್ಣ ಬಿಟ್ಟು ಕಾಫಿ ಬಣ್ಣಕ್ಕೆ ತಿರುಗಿದ್ದರೆ ಬಹುಕಾಲ ಬದಲಾಗಿಲ್ಲವೆಂದು ತಿಳಿಯಬೇಕು. ಪೆಡಲನ್ನು ಒಂದು ನಿಮಿಷ ಒತ್ತಿ ಹಿಡಿದರೂ ಕೆಳಗಿಳಿಯಬಾರದು. ಇಳಿಜಾರಿನಲ್ಲಿ ಗೇರ್ ತಾನಾಗಿ ಜಾರಿ ನ್ಯೂಟ್ರಲ್ಲಿಗೆ ಬರುವ ಗಾಡಿ ಎಷ್ಟೇ ಅಗ್ಗವಾಗಿದ್ದರೂ ಘಟ್ಟಕ್ಕೆ ಸಲ್ಲದು.

ಎರಡನೆಯದು ಗಾತ್ರ. 2005ರಲ್ಲಿ ಬಂದ ಟಾಟಾ ಏಸ್, ಎರಡು ಸಿಲಿಂಡರಿನ 702 ಸಿಸಿ ಎಂಜಿನ್ನಿನ ಗಾಡಿ. ಊರೊಳಗಿನ ಓಡಾಟಕ್ಕೂ ಹೂವಿನ ಮೂಟೆಗೂ ತಕ್ಕದ್ದು. 2011ರಲ್ಲಿ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್‌ಗೆ ಮೂರು ಸಿಲಿಂಡರಿನ 1,478 ಸಿಸಿ ಎಂಜಿನ್. ಮಹೀಂದ್ರ ಬೊಲೆರೊ ಪಿಕಪ್ಪಿನದು ನಾಲ್ಕು ಸಿಲಿಂಡರಿನ 2,523 ಸಿಸಿ. ಎಂಜಿನ್ ಸಣ್ಣದಾದಷ್ಟೂ ಭಾರದ ಹೊರೆಯನ್ನು ಇಳಿಜಾರಿನಲ್ಲಿ ಹಿಡಿದು ನಿಲ್ಲಿಸುವ ಅದರ ಕಸುವೂ ಕಡಿಮೆ. ಎಷ್ಟು ಹೊರಬಹುದೆಂಬುದನ್ನು ದಲ್ಲಾಳಿಯ ಬಾಯಿಂದಲ್ಲ, ನೋಂದಣಿ ಪತ್ರದಿಂದ ತಿಳಿಯಬೇಕು. ಅಲ್ಲಿ ಸಮಗ್ರ ತೂಕ, ಖಾಲಿ ತೂಕ ಎರಡೂ ಇರುತ್ತವೆ. ಉದಾಹರಣೆಗೆ, ಸಮಗ್ರ ತೂಕ 2,900 ಕಿಲೋ, ಖಾಲಿ ತೂಕ 1,600 ಕಿಲೋ ಎಂದಿದ್ದರೆ ವ್ಯತ್ಯಾಸ 1,300. ಅದರಲ್ಲೇ ಚಾಲಕ, ಜೊತೆಯಾಳು ಇಬ್ಬರ ತೂಕ 150 ಕಿಲೋ ಎಂದು ಕಳೆದರೆ ಉಳಿಯುವುದು 1,150. ಅಂದರೆ 50 ಕಿಲೋ ತೂಗುವ 23 ಮೂಟೆ. ಐದನೆಯ ತರಗತಿಯ ಮಗುವೂ ಮಾಡಬಲ್ಲ ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿದರೆ, 40 ಮೂಟೆ ತುಂಬುವ ಆಸೆ ಮನೆಯಲ್ಲೇ ಪರೀಕ್ಷೆಗೆ ಒಳಗಾಗುತ್ತದೆ.

ಹಿಂದಿನ ಒಡೆಯ ಅಂಥ ಆಸೆಗೆ ಬಲಿಯಾಗಿದ್ದನೇ ಎಂಬುದಕ್ಕೆ ಗಾಡಿಯೇ ಸಾಕ್ಷಿ ಹೇಳುತ್ತದೆ. ಹಿಂದಿನ ಪಟ್ಟೆ ಸ್ಪ್ರಿಂಗಿಗೆ ಹೆಚ್ಚುವರಿ ಪಟ್ಟೆ ಸೇರಿಸಿದ್ದರೆ, ಚಾಸಿಗೆ ಬೆಸುಗೆಯ ತೇಪೆ ಇದ್ದರೆ, ಹೊಸ ಕಪ್ಪು ಬಣ್ಣ ಅಡಿಯಲ್ಲಿ ಮಾತ್ರ ಹೊಳೆಯುತ್ತಿದ್ದರೆ ಎಚ್ಚರ ವಹಿಸಬೇಕು. ಟೈರು ಒಂದೇ ಬದಿಯಲ್ಲಿ ಸವೆದಿದ್ದರೆ ಮುಂದಿನ ಭಾಗದ ಜೋಡಣೆ ಕೆಟ್ಟಿದೆಯೆಂದರ್ಥ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 3219 ಎಂದಿದ್ದರೆ 2019ರ 32ನೆಯ ವಾರದಲ್ಲಿ ತಯಾರಾದದ್ದು. ಮೀಟರಿನ ಅಂಕಿಯನ್ನು ತಿದ್ದಬಹುದು. ಸವೆದ ಪೆಡಲಿನ ರಬ್ಬರನ್ನೂ ನುಣುಪಾದ ಸ್ಟಿಯರಿಂಗನ್ನೂ ನೋಡಿದರೆ ಓಟದ ಅಂದಾಜು ಸಿಗುತ್ತದೆ.

ಎಂಜಿನ್ನನ್ನು ಬೆಳಗಿನ ತಂಪಿನಲ್ಲೇ ನೋಡಬೇಕು. ಬಾನೆಟ್ ಮೇಲೆ ಕೈಯಿಟ್ಟಾಗ ಬಿಸಿಯಿದ್ದರೆ, ನಾವು ಬರುವ ಮುನ್ನವೇ ಅದನ್ನು ಚಾಲೂ ಮಾಡಿದ್ದಾರೆ. ಕೀಲಿ ತಿರುಗಿಸಿದಾಗ ಎಚ್ಚರಿಕೆಯ ದೀಪಗಳು ಹೊತ್ತಿ, ಚಾಲೂ ಆದ ಮೇಲೆ ಆರಬೇಕು. ಹೊತ್ತದೇ ಇರುವ ದೀಪ ದೋಷವನ್ನು ಮುಚ್ಚಿಟ್ಟಿರಬಹುದು. 2020ರ ಏಪ್ರಿಲ್ 1ರ ನಂತರದ ಬಿಎಸ್-6 ಗಾಡಿಗಳಲ್ಲಿ ಹೊಗೆ ಶುದ್ಧಿಯ ಸಾಧನಗಳು ಹೆಚ್ಚು, ದುರಸ್ತಿಯೂ ದುಬಾರಿ, ಆದ್ದರಿಂದ ಇದು ಇನ್ನೂ ಮುಖ್ಯ. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ದಟ್ಟ ಕಪ್ಪು ಹೊಗೆ ಗಾಳಿ ಸಾಲದ್ದನ್ನೋ ಇಂಧನ ಮಿತಿಮೀರಿದ್ದನ್ನೋ ಹೇಳುತ್ತದೆ. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ, ರೇಡಿಯೇಟರ್ ನೀರಿನಲ್ಲಿ ಎಣ್ಣೆಯ ಪೊರೆ ತೇಲುತ್ತಿದ್ದರೆ, ಅದು ಹೆಡ್ ಗ್ಯಾಸ್ಕೆಟ್ಟಿನ ರೋಗವಿರಬಹುದು. ಘಟ್ಟ ಹತ್ತುವಾಗ ಮೊದಲು ಬಯಲಾಗುವುದು ಈ ರೋಗವೇ.

ದಾರಿಯಲ್ಲಿ ಕೆಟ್ಟು ನಿಲ್ಲುವುದು ನಮ್ಮ ಹಾದಿಯಲ್ಲಿ ಸಣ್ಣ ತೊಂದರೆಯಲ್ಲ. ಈ ರಸ್ತೆ 2013ರಲ್ಲಿ ಘೋಷಿತವಾದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ನಡುವೆ ಹಾಯುತ್ತದೆ. ಮದರಾಸು ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿಯಿಂದ ಇಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಮುಸ್ಸಂಜೆ ತಿರುವಿನಲ್ಲಿ ನಿಂತ ಗಾಡಿಗೆ ಮೆಕ್ಯಾನಿಕ್ ಬರುವ ಮೊದಲೇ ಆನೆ ಬರಬಹುದು. ಬೆಳಗಿನ ಮಂಡಿಯ ದರವಂತೂ ಯಾರಿಗೂ ಕಾಯುವುದಿಲ್ಲ.

ಇನ್ನು ಗಡಿಯ ಮಾತು. ಚಾಮರಾಜನಗರ, ಮೈಸೂರುಗಳು ಹತ್ತಿರ, ಮಾತೂ ನಮ್ಮದೇ. ವ್ಯಾಪಾರ ಕನ್ನಡದಲ್ಲಿ ಕುದುರುತ್ತದೆ, ಗಾಡಿ ಮಾತ್ರ ರಾಜ್ಯ ದಾಟುತ್ತದೆ. ಆಗ ಅಲ್ಲಿನ ಸಾರಿಗೆ ಕಚೇರಿಯಿಂದ ನಮೂನೆ 28ರ ನಿರಾಕ್ಷೇಪಣಾ ಪತ್ರ, ಹೆಸರು ಬದಲಾವಣೆಗೆ ನಮೂನೆ 29 ಮತ್ತು 30, ಗಾಡಿಯ ಮೇಲೆ ಸಾಲವಿದ್ದರೆ ಅದು ತೀರಿದ್ದಕ್ಕೆ ನಮೂನೆ 35 ಬೇಕು. ಬೇರೆ ರಾಜ್ಯದ ಗಾಡಿಯನ್ನು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವುದಾದರೆ ಇಲ್ಲಿನ ನೋಂದಣಿ ಸಂಖ್ಯೆ ಪಡೆಯಬೇಕು, ತೆರಿಗೆ ಕಟ್ಟಬೇಕು. ಬೆಲೆಯಲ್ಲಿ ಉಳಿದಂತೆ ಕಂಡ ಹಣ ಇಲ್ಲಿ ಕರಗಬಹುದು; ಮೊದಲೇ ಕೂಡಿಸಿ ನೋಡುವುದು ಲೇಸು. ಸಮಗ್ರ ತೂಕ 3,000 ಕಿಲೋ ಮೀರದ ಸರಕು ವಾಹನಕ್ಕೆ ಮೋಟಾರು ವಾಹನ ಕಾಯ್ದೆಯ 66ನೆಯ ಕಲಮಿನಂತೆ ಪರ್ಮಿಟ್ ಬೇಕಿಲ್ಲ; ಎರಡೂ ಕಡೆ ಓಡಾಡುವ ನಮಗೆ ಇದು ದೊಡ್ಡ ಅನುಕೂಲ. ಗಾಡಿಗೆ ಎಂಟು ವರ್ಷ ತುಂಬಿದ ಮೇಲೆ ಅರ್ಹತಾ ಪತ್ರವನ್ನು ಪ್ರತಿವರ್ಷ ಪಡೆಯಬೇಕೆಂಬುದನ್ನೂ ವಯಸ್ಸಿನ ಲೆಕ್ಕದಲ್ಲಿ ಸೇರಿಸಬೇಕು. ಈ ಪತ್ರಗಳಲ್ಲಿ ಕನ್ನಡ ಇರುವುದು ಅಪರೂಪ. ಇಂಗ್ಲಿಷ್, ತಮಿಳು ಓದಬಲ್ಲ ಮಕ್ಕಳು ಮನೆಯಲ್ಲಿದ್ದರೆ ಅವರಿಂದ ಓದಿಸಿ, ಅರ್ಥ ಕೇಳಿ, ಆಮೇಲೆ ಸಹಿ ಹಾಕಬೇಕು. ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆಗಳನ್ನು ಗಾಡಿಯ ಮೇಲೆ ಕೆತ್ತಿದ್ದರೊಡನೆ ತಾಳೆ ನೋಡುವ ಕೆಲಸವೂ ಅವರಿಗೇ ಸಲ್ಲಲಿ.

ಇಷ್ಟೆಲ್ಲ ಆದ ಮೇಲೆ ಒಮ್ಮೆ ಹೊರೆ ಹಾಕಿ, ನುರಿತ ಚಾಲಕನೊಡನೆ, ಹಗಲಿನಲ್ಲಿ ಸಣ್ಣದೊಂದು ಏರಿಳಿವಿನಲ್ಲಿ ಓಡಿಸಿ ನೋಡಬೇಕು. ಬ್ರೇಕ್ ಬಗ್ಗೆ ಸಂಶಯ ಉಳಿದಿದ್ದರೆ ದಿಂಬಂ ಅದರ ಪರೀಕ್ಷೆಯ ಜಾಗವಲ್ಲ. ಗಾಡಿ ಮನೆಗೆ ಬಂದ ಮೇಲೆ ಉಳಿಯುವ ನಿಯಮ ಒಂದೇ: ತೊಟ್ಟಿ ಇರುವುದು ಮೂಟೆಗೆ. ಶಾಲೆಯ ಮಕ್ಕಳನ್ನಾಗಲಿ ಜಾತ್ರೆಯ ನೆಂಟರನ್ನಾಗಲಿ ಅದರಲ್ಲಿ ತುಂಬುವುದು ಕಾನೂನಿಗೆ ವಿರುದ್ಧ. ತಿರುವಿನಲ್ಲಿ ಹಿಡಿದುಕೊಳ್ಳಲು ಅಲ್ಲಿ ಏನೂ ಇರುವುದಿಲ್ಲ. ಎಲೆಕೋಸು ಉರುಳಿಬಿದ್ದರೆ ಮುಂದಿನ ಬೆಳೆಯಲ್ಲಿ ಮತ್ತೆ ಬರುತ್ತದೆ.