ಸೋಮವಾರದೊಳಗೆ ಹೇಳಬೇಕು

ಬೆಳಗಿನ ಏಳು ಗಂಟೆ. ಆಳಂದ ನಿಲ್ದಾಣದಲ್ಲಿ ಕಲಬುರಗಿ ಬಸ್ಸು ಇನ್ನೂ ನಿಂತೇ ಇದೆ, ಎಂಜಿನ್ ನಡುಕಕ್ಕೆ ಕಿಟಕಿ ಗಾಜು ಗಲಗಲ ಅನ್ನುತ್ತಿದೆ. ಕಿಟಕಿಗೆ ಅಕ್ಕನ ಮಗಳು, ಪಕ್ಕಕ್ಕೆ ನಾನು. ಅವಳ ತೊಡೆಯ ಮೇಲೆ ಪ್ಲಾಸ್ಟಿಕ್ ಫೈಲು. ಒಳಗೆ ಬಿ.ಕಾಂ. ಅಂಕಪಟ್ಟಿಗಳು, ಎಲ್ಲಕ್ಕಿಂತ ಮೇಲೆ 371(ಜೆ) ಪ್ರಮಾಣಪತ್ರ. ಕಂಡಕ್ಟರ್ ಆಧಾರ್ ನೋಡಿ ಅವಳಿಗೆ ಸೊನ್ನೆ ರೂಪಾಯಿಯ ಟಿಕೆಟ್ ಕೊಡುತ್ತಾನೆ, ನನ್ನ ಹತ್ತಿರ ದುಡ್ಡು ಇಸಿದುಕೊಳ್ಳುತ್ತಾನೆ.

ಜೇವರ್ಗಿ ಹತ್ತಿರದ ಒಂದು ಹತ್ತಿ ಮಿಲ್ಲಿನಿಂದ ಕರೆ ಬಂದಿದೆ. ತೂಕದ ಚೀಟಿ ಬರೆಯುವುದು, ಅದನ್ನು ಕಂಪ್ಯೂಟರಿಗೆ ಏರಿಸುವುದು, ಸಂಜೆ ಲೆಕ್ಕ ತಾಳೆ ನೋಡುವುದು. ಪಗಾರ 11,000. ಸೋಮವಾರದೊಳಗೆ ಹೂಂ ಅಥವಾ ಉಹೂಂ ಹೇಳಬೇಕು. ಅದಕ್ಕೆ ಮೊದಲು ಜಾಗ ನೋಡಿಕೊಂಡು ಬರೋಣ ಅಂತ ನಾನೇ ಹೊರಡಿಸಿದೆ.

"ಅದೇನ್ ನೌಕರೀನಾ?" ಅಂತ ನಿನ್ನೆ ರಾತ್ರಿ ರೊಟ್ಟಿ ಬಡಿಯುತ್ತ ಅವರವ್ವ ಕೇಳಿದ್ದಳು. ನಮ್ಮ ಕಡೆ ನೌಕರಿ ಅಂದರೆ ಸರ್ಕಾರದ್ದು. ಮಿಕ್ಕವರೆಲ್ಲ 'ಪ್ರೈವೇಟ್‌ದಾಗ' ಇರುವವರು. ಪ್ರೈವೇಟ್‌ದಾಗ ಏನು ಮಾಡುತ್ತಾರೆ ಅಂತ ಯಾರೂ ಮುಂದೆ ಕೇಳುವುದಿಲ್ಲ.

ಬಸ್ಸು ಬಿಟ್ಟಿತು. ಎರಡೂ ಕಡೆ ಕರಿ ನೆಲ, ಹಳದಿ ಹೂ ಬಿಟ್ಟ ತೊಗರಿ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ಹತ್ತಿರ ಬ್ಯಾಗು ಹೊತ್ತ ಹುಡುಗರು ಇಳಿಯುತ್ತಾರೆ, ಅವರ ಜಾಗಕ್ಕೆ ತಂಪು ಗಾಳಿ ಬಂದು ಕೂರುತ್ತದೆ. ಅವಳು ಟಿಕೆಟ್ಟಿನ ಹಿಂದೆ ಪೆನ್ನಿನಲ್ಲಿ ಲೆಕ್ಕ ಹಾಕುತ್ತಿದ್ದಾಳೆ. ರೂಮಿಗೆ 2,500. ಖಾನಾವಳಿಗೆ 3,000. ಉಳಿಯುವುದು 5,500. ಮನೆಯಲ್ಲೇ ಕೂತರೆ ಕೆಲಸವಿಲ್ಲದ ಪದವೀಧರರಿಗೆ ಸರ್ಕಾರ ಕೊಡುವ ಯುವನಿಧಿಯ 3,000 ಬರುತ್ತದೆ, ಊಟ ಅವ್ವನ ಕೈಯದು.

"ಎರಡೂವರಿ ಸಾವಿರಕ್ಕ ಊರು ಬಿಡ್ಬೇಕಾ ಮಾಮಾ?"

ಯುವನಿಧಿ ಎರಡೇ ವರ್ಷ ಅಂತ ಹೇಳಬಹುದಿತ್ತು. ಅವಳಿಗೂ ಅದು ಗೊತ್ತು. ಸುಮ್ಮನಾದೆ.

ಕಲಬುರಗಿಯಲ್ಲಿ ಇಳಿದರೆ ಎಲ್ಲಿ ನೋಡಿದರೂ ಕೋಚಿಂಗ್ ಕ್ಲಾಸಿನ ಬ್ಯಾನರುಗಳು: ಎಫ್‌ಡಿಎ, ಎಸ್‌ಡಿಎ, ಪಿಎಸ್‌ಐ, ಪಿಡಿಒ. ಚಹಾ ಕುಡಿಯುವಾಗ ಅಫಜಲಪುರದಿಂದ ಅವಳ ದೊಡ್ಡಪ್ಪನ ಮಗನ ಫೋನು. ಸ್ಪೀಕರ್ ಹಾಕಿದಳು.

"ತಗೋಬ್ಯಾಡ. ಒಮ್ಮಿ ಪ್ರೈವೇಟಿಗೆ ಹೋದಿ ಅಂದ್ರ ಓದೋದು ಮುಗೀತು."

ಅವನ ಮಾತಿಗೆ ಬೆಲೆ ಕೊಡಲೇಬೇಕು. 2021ರ ಅಕ್ಟೋಬರ್ 3ರಂದು 545 ಪಿಎಸ್‌ಐ ಹುದ್ದೆಗಳಿಗೆ ನಡೆದ ಪರೀಕ್ಷೆ ಬರೆದವರಲ್ಲಿ ಅವನೂ ಒಬ್ಬ. ಅಕ್ರಮ ಇದೇ ಕಲಬುರಗಿಯಲ್ಲಿ ಬಯಲಿಗೆ ಬಂತು, ನೇಮಕಾತಿ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ನಡುವಿನ ಎರಡು ವರ್ಷ ಮೂರು ತಿಂಗಳು ಅವನು ಅದೇ ಪುಸ್ತಕಗಳನ್ನು ಮತ್ತೆ ಮತ್ತೆ ಓದಿದ. ಎರಡನೇ ಸಲವೂ ಆಗಲಿಲ್ಲ. ಈಗ ಭೀಮಾ ದಂಡೆಯ ಕಬ್ಬಿಗೆ ನೀರು ಕಟ್ಟುತ್ತಾನೆ, ರಾತ್ರಿ ಓದುತ್ತಾನೆ. ಇಂಥ ಹುಡುಗರನ್ನು ಸೋಮಾರಿಗಳು ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಎಷ್ಟೋ ವರ್ಷ ಹೋರಾಡಿ ಪಡೆದ ಸಂವಿಧಾನದ 371(ಜೆ) ವಿಧಿ ಈ ಭಾಗದ ಗ್ರೂಪ್ ಸಿ ಹುದ್ದೆಗಳಲ್ಲಿ ನೂರಕ್ಕೆ 80ನ್ನು ಇಲ್ಲಿಯವರಿಗೆ ಇಟ್ಟಿದೆ. ಅಂಥ ಬಾಗಿಲು ಎದುರಿಗಿದ್ದಾಗ ಯಾರಾದರೂ ಕಾಯುತ್ತಾರೆ. ಬಾಗಿಲು ಯಾವಾಗ ತೆಗೆಯುತ್ತದೆ ಅನ್ನುವುದೊಂದು ಗೊತ್ತಿಲ್ಲ.

ಜೇವರ್ಗಿ ಬಸ್ಸು ಕಟ್ಟಿಸಂಗಾವಿ ಸೇತುವೆ ಹತ್ತುತ್ತದೆ. ಕೆಳಗೆ ಭೀಮಾ, ಕಂದು ನೀರು. ಅವಳು ಫೈಲನ್ನು ಎದೆಗೆ ಒತ್ತಿಕೊಂಡು ಹೊಳೆ ನೋಡುತ್ತಾಳೆ.

ಮಿಲ್ಲಿನ ಗೇಟಿನಿಂದ ರಸ್ತೆಯವರೆಗೂ ಹತ್ತಿ ತುಂಬಿದ ಟ್ರ್ಯಾಕ್ಟರುಗಳ ಸಾಲು. ಗಾಳಿಯಲ್ಲಿ ಅರಳೆ ತೇಲಿ ಬಂದು ಹುಬ್ಬಿಗೆ, ತಲೆಗೆ ಕೂರುತ್ತದೆ. ತೂಕದ ಕಟ್ಟೆಯ ಪಕ್ಕದ ಚಿಕ್ಕ ಕೋಣೆಯಲ್ಲಿ ಒಂದು ಮೇಜು, ಒಂದು ಕಂಪ್ಯೂಟರ್, ಧೂಳು ಹಿಡಿದ ಫ್ಯಾನು. ಇದೇ ನಿನ್ನ ಜಾಗ ಅನ್ನುತ್ತಾರೆ ಮ್ಯಾನೇಜರ್. ಅವಳ ಮುಖ ಸಪ್ಪಗಾಯಿತು.

ಅಷ್ಟರಲ್ಲಿ ಒಬ್ಬ ರೈತ ಕಿಟಕಿಯಿಂದ ಚೀಟಿ ಚಾಚುತ್ತಾನೆ. "ಇದ್ರಾಗ ಎಷ್ಟ್ ಬರದಾರ ನೋಡವ್ವ." ಮಾಲು ತುಂಬಿದ ಗಾಡಿಯ ತೂಕ, ಖಾಲಿ ಗಾಡಿಯ ತೂಕ, ಕಳೆದು ಉಳಿದದ್ದು. ಓದಿ ಹೇಳುತ್ತಾಳೆ. ಅವನು ಇನ್ನೊಮ್ಮೆ ಹೇಳಿಸಿಕೊಂಡು, ಚೀಟಿ ಮಡಚಿ ಟೊಪ್ಪಿಗೆಯೊಳಗೆ ಇಟ್ಟುಕೊಂಡು ಹೋಗುತ್ತಾನೆ. ಒಂದು ವರ್ಷದ ದುಡಿಮೆ ಆ ಚೀಟಿಯಲ್ಲಿತ್ತು.

ಅವಳು ಮ್ಯಾನೇಜರ್ ಕಡೆ ತಿರುಗಿದಳು. ದನಿ ಸಣ್ಣಗಿತ್ತು, ಆದರೂ ಕೇಳಿದಳು: "ಸರ್, ಆರ್ಡರ್ ಕಾಪಿ ಕೊಡ್ತೀರಾ?"

"ಆರ್ಡರ್ ತಗೊಂಡ್ ಏನ್ ಮಾಡ್ತಿ ತಂಗಿ? ಪಗಾರ ಕೈಗೇ ಬರ್ತದ."

"ಪಿಎಫ್?"

"ಸೀಸನ್ ಮುಗೀಲಿ, ನೋಡೋಣ."

"ಪರೀಕ್ಷಾ ದಿನ ರಜಾ?"

ಅವರು ನಕ್ಕು ಫೋನು ಎತ್ತಿಕೊಂಡರು.

ವಾಪಸು ಬರುವಾಗ ಮತ್ತೆ ಸೇತುವೆ. ಹೋಗಲೋ ಬೇಡವೋ ಅಂತ ಅವಳು ಕೇಳಲಿಲ್ಲ, ನಾನೇ ಹೇಳಿದೆ. ಕೆಲಸ ಸಪ್ಪೆಯಾಗಿದೆ ಅಂತ ಬಿಡಬೇಡ. ಮನೆಯ ಹೊರಗೆ ನಿನ್ನದೇ ರೂಮು, ನಿನ್ನದೇ ಪಗಾರ, ರಾತ್ರಿ ಓದಲು ಎರಡು ತಾಸು, ಆ ಎರಡೂವರೆ ಸಾವಿರದಲ್ಲಿ ಇವೆಲ್ಲ ಸೇರಿವೆ. ಆದರೆ ಕಾಗದವಿಲ್ಲದೆ ಹೋಗಬೇಡ. 20 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಮಿಲ್ಲಿಗೆ ಭವಿಷ್ಯ ನಿಧಿಯ ಕಾನೂನು ಇದೆ, ಅದು ಯಾರೂ ಕೊಡುವ ಭಿಕ್ಷೆಯಲ್ಲ.

ಮೊಬೈಲ್ ತೆಗೆದು ಮಿಲ್ಲಿಗೆ ಮೆಸೇಜ್ ಬರೆದಳು: ನೇಮಕದ ಪತ್ರ, ಪಿಎಫ್, ವರ್ಷಕ್ಕೆ ನಾಲ್ಕು ದಿನ ಪರೀಕ್ಷೆಗೆ ರಜೆ. ಇಷ್ಟನ್ನು ಬರೆದು ಕೊಟ್ಟರೆ ಸೋಮವಾರ ಬರುತ್ತೇನೆ.

ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಮಿಲ್ಲು, ಅಂಗಡಿ, ಶಾಲೆ ನಡೆಸುವವರಲ್ಲಿ ನನ್ನದೊಂದು ಬೇಡಿಕೆ. ನಮ್ಮ ಮಕ್ಕಳು ಪ್ರೈವೇಟ್ ಬೇಡ ಅನ್ನುತ್ತಾರೆ ಅಂತ ದೂರುವ ಮುಂಚೆ ಅವರ ಕೈಗೆ ಸಹಿ ಮಾಡಿದ ಒಂದು ಹಾಳೆ ಕೊಡಿ. ಅವಳ ಮೆಸೇಜಿಗೆ ಇನ್ನೂ ಉತ್ತರ ಬಂದಿಲ್ಲ.