ಡಿಸ್ಕಿನೊಳಗಿದ್ದ ಅಜ್ಜಿಯ ದನಿ

ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ ಒಂದು ಕಾಲಕ್ಕೆ ಟ್ರಂಕಿನಲ್ಲಿರುತ್ತಿದ್ದ ಆಸ್ತಿ ಈಗ ಹಾರ್ಡ್ ಡಿಸ್ಕಿನಲ್ಲಿರುತ್ತದೆ. ಡೊಂಬಿವಲಿಯ ನಮ್ಮ ಮನೆಯ ಡಿಸ್ಕಿನಲ್ಲಿದ್ದುದು ಅಜ್ಜಿ ಹಾಡಿದ 40 ಸಂಪ್ರದಾಯದ ಹಾಡುಗಳು. ಎಣ್ಣೆ ಹಚ್ಚುವಾಗ, ಹಸೆಗೆ ಕರೆಯುವಾಗ, ಆರತಿ ಎತ್ತುವಾಗ ಹೇಳುವಂಥವು. ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯತೊಡಗಿದಾಗ, 2011ರಲ್ಲಿ, ಅವನ್ನು ಕಂಪ್ಯೂಟರಿಗೆ ಇಳಿಸಿದ್ದೆವು. ಈಗ ಅಜ್ಜಿಯೂ ಇಲ್ಲ, ಕ್ಯಾಸೆಟ್ಟುಗಳೂ ಇಲ್ಲ.

ಕಳೆದ ಮಳೆಗಾಲದಲ್ಲಿ ಆ ಡಿಸ್ಕು ಮೌನ ಹಿಡಿಯಿತು. ಕಂಪ್ಯೂಟರಿಗೆ ಜೋಡಿಸಿದರೆ ಸದ್ದಿಲ್ಲ, ಸುಳಿವಿಲ್ಲ. ಸಲಹೆಗಳಿಗೇನು ಬರವೇ? ಫ್ರಿಜ್ಜಿನಲ್ಲಿಡಿ ಎಂದರು ಒಬ್ಬರು. ಮುಚ್ಚಳ ಬಿಚ್ಚಿ ನೋಡಿ ಎಂದರು ಇನ್ನೊಬ್ಬರು. ಎರಡಕ್ಕೂ ನಾವು ಒಪ್ಪಲಿಲ್ಲ. ತಂಪಿನಲ್ಲಿಟ್ಟು ತೆಗೆದರೆ ಒಳಗೆ ನೀರಿನ ಪಸೆ ಕೂತೀತು. ಇನ್ನು ಮುಚ್ಚಳದ ಮಾತು. ಒಳಗಿನ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವಂಥವು. ಓದುವ ತಲೆಯು ಅವನ್ನು ಮುಟ್ಟದೆ, ಕೂದಲೆಳೆಯ ದಪ್ಪದ ಸಾವಿರಾರು ಪಾಲಿನಲ್ಲೊಂದರಷ್ಟು ಎತ್ತರದಲ್ಲಿ ತೇಲುತ್ತದೆ. ಅದಕ್ಕೆ ಧೂಳಿನ ಕಣವೂ ಬಂಡೆಗಲ್ಲೇ.

ವೈದ್ಯರು ನಾಡಿ ಹಿಡಿದಂತೆ ನಾವು ಕಿವಿಗೊಟ್ಟೆವು. 'ಟಕ್ ಟಕ್' ಎಂದು ಬಡಿದುಕೊಂಡಿದ್ದರೆ ತಲೆಗೇ ಪೆಟ್ಟಾಗಿರುವ ಸಂಭವ ಹೆಚ್ಚು. ಕೂಡಲೇ ವಿದ್ಯುತ್ತು ತೆಗೆದು, ಧೂಳಿಲ್ಲದ ಕೋಣೆಯುಳ್ಳ ಪರಿಣತರಲ್ಲಿಗೆ ಒಯ್ಯಬೇಕು. ನಮ್ಮದರಲ್ಲಿ ಸದ್ದೇ ಇಲ್ಲದ್ದರಿಂದ ದೋಷ ವಿದ್ಯುತ್ತಿನ ಹಾದಿಯಲ್ಲಿರಬಹುದೆಂಬ ಆಸೆ. ತಂತಿ ಬದಲಿಸಿದೆವು, ಅಡಾಪ್ಟರು ಬದಲಿಸಿದೆವು, ಫಲವಿಲ್ಲ. ಬಳಿಕ ಹೊರಗಿನ ಪ್ಲಾಸ್ಟಿಕ್ ಪೆಟ್ಟಿಗೆಯನ್ನಷ್ಟೇ ಬಿಚ್ಚಿ, ಮುಚ್ಚಿದ ಡಿಸ್ಕನ್ನು ಹಾಗೆಯೇ ಮಗಳ ಹಳೆಯ ಕಂಪ್ಯೂಟರಿಗೆ ನೇರವಾಗಿ ಜೋಡಿಸಿದಾಗ ತಟ್ಟೆ ಸಮನಾಗಿ ತಿರುಗಿತು! ಕೆಟ್ಟಿದ್ದುದು ಪೆಟ್ಟಿಗೆಯೊಳಗೆ ಯು.ಎಸ್.ಬಿ. ಜೋಡಣೆಗೆಂದಿದ್ದ ಪುಟ್ಟ ಸರ್ಕ್ಯೂಟ್ ಬೋರ್ಡು.

ಸಂತೋಷ ಮಾತ್ರ ಅರ್ಧವೇ. ಡಿಸ್ಕು ತನ್ನ ಆರೋಗ್ಯದ ಲೆಕ್ಕವನ್ನು 'ಸ್ಮಾರ್ಟ್' ಎಂಬ ವ್ಯವಸ್ಥೆಯಲ್ಲಿ ತಾನೇ ಇಡುತ್ತದೆ. ಅದನ್ನು ತೆರೆದು ನೋಡಿದರೆ ಓದಲಾಗದೆ ಉಳಿದ ಭಾಗಗಳು ಹಲವು. ಇಂಥಲ್ಲಿ ಮೊದಲು ನಕಲು, ಆಮೇಲೆ ದುರಸ್ತಿ. ದುರಸ್ತಿಯ ತಂತ್ರಾಂಶಗಳು ಸೋತ ಡಿಸ್ಕಿನ ಮೇಲೆಯೇ ಬರೆಯಹೊರಟು ಇದ್ದುದನ್ನೂ ಕೆಡಿಸಬಹುದು. 'ಡಿಡಿರೆಸ್ಕ್ಯೂ' ಎಂಬ ಉಚಿತ ತಂತ್ರಾಂಶವೊಂದಿದೆ. ಸುಲಭವಾಗಿ ಸಿಗುವುದನ್ನೆಲ್ಲ ಅದು ಮೊದಲು ಬೇರೆ ಡಿಸ್ಕಿಗೆ ಬಾಚಿಕೊಂಡು, ಕಷ್ಟದ ಜಾಗಗಳಿಗೆ ಆಮೇಲೆ ಮರಳುತ್ತದೆ. ಎರಡು ರಾತ್ರಿ, ಒಂದು ಹಗಲು ಅದು ನಡೆಯಿತು. ಮನೆಮಂದಿಯೆಲ್ಲ ಸರದಿಯ ಮೇಲೆ ಕಾವಲು ಕೂತೆವು.

37 ಹಾಡು ಪೂರ್ತಿ ಬಂದವು. ಎರಡು ಹೋದವು. ಒಂದು ಹಸೆಯ ಹಾಡು ನಡುವೆ ಹರಿದಿತ್ತು. ಅದನ್ನು ಹಾಕಿದಾಗ, ದನಿ ನಿಂತಲ್ಲಿಂದ ಅಡಿಗೆಮನೆಯಲ್ಲಿದ್ದ ಅಮ್ಮ ಮುಂದಿನ ನುಡಿ ಎತ್ತಿಕೊಂಡರು. ಅಮ್ಮನಿಗೆ ಹಾಡು ಬರುತ್ತದೆಂಬುದೇ ಮಕ್ಕಳಿಗೆ ಅಂದು ತಿಳಿಯಿತು. ಹೋದ ಎರಡರಲ್ಲಿ ಒಂದು ಅವರಿಗೆ ಪೂರ್ತಿ ಬರುತ್ತದೆ, ಮಗಳು ಬರೆದುಕೊಂಡಿದ್ದಾಳೆ.

ಈಗ ಮೂರು ಪ್ರತಿಗಳಿವೆ, ಒಂದು ಊರಿನ ಮನೆಯಲ್ಲಿ. ನಿಮ್ಮ ಮನೆಯಲ್ಲೂ ಇಂಥ ಡಿಸ್ಕಿದ್ದರೆ ತಿರುಗುತ್ತಿರುವಾಗಲೇ ನಕಲು ಮಾಡಿಕೊಳ್ಳಿ. ಹಾಡಬಲ್ಲ ಹಿರಿಯರಿದ್ದರೆ ಈ ಭಾನುವಾರವೇ ಹತ್ತಿರ ಕೂತು ಕೇಳಿ.