ಬಾನೆಟ್ಟು ಮೊದಲೋ, ಹುಡುಗ ಮೊದಲೋ

ಮೈಸೂರಿನ ದಕ್ಷಿಣದ ಬಡಾವಣೆಯೊಂದರಲ್ಲಿ ನೆಲಸಿರುವ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರ ಮನೆಯ ಹಿಂದಿನ ಶೆಡ್ಡಿನಲ್ಲಿ ಹಳೆಯ ಡಾಲ್ಫಿನ್ ಕಾರೊಂದಿದೆ. 1980ರ ದಶಕದಲ್ಲಿ ಬೆಂಗಳೂರಿನ ಸಿಪಾನಿ ಆಟೊಮೊಬೈಲ್ಸ್ ತಯಾರಿಸಿದ ಗಾಡಿ. ಇಂಗ್ಲೆಂಡಿನ ರಿಲಯಂಟ್ ಕಿಟನ್ ಇದರ ಮೂಲ, ಎಂಜಿನ್ 848 ಸಿಸಿ. ಇದರ ಒಡಲು ತಗಡಿನದಲ್ಲ; ಗಾಜಿನ ಎಳೆಗಳನ್ನು ರಾಳದಲ್ಲಿ ನೆನೆಸಿ ಅಚ್ಚಿನಲ್ಲಿ ರೂಪಿಸಿದ ಫೈಬರ್‌ಗ್ಲಾಸಿನದು. 1983ರ ಕೊನೆಗೆ ಮಾರುತಿ 800 ಬಂದ ಮೇಲೆ ಇಂಥ ಗಾಡಿಗಳತ್ತ ಜನರ ಒಲವು ತಗ್ಗಿತು. ಈ ಶ್ರಾವಕರ ತೀರ್ಥರೂಪರು ಮಾತ್ರ ತಮ್ಮ ಡಾಲ್ಫಿನ್ನನ್ನು ಕೊನೆಯವರೆಗೂ ಬಿಡಲಿಲ್ಲ. ಬಣ್ಣ ಮಾಸಿದಾಗಲೆಲ್ಲ ಹಳೆಯದರ ಮೇಲೆಯೇ ಹೊಸದನ್ನು ಬಳಿಸಿದರು.

ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ‘ಪಯಣ’ ಕಾರು ಸಂಗ್ರಹಾಲಯವು 2023ರಲ್ಲಿ ಶ್ರೀರಂಗಪಟ್ಟಣದ ಬಳಿ ಆರಂಭವಾಯಿತಷ್ಟೆ. ಅಲ್ಲಿನ ಗಾಡಿಗಳನ್ನು ಕಂಡು ಬಂದ ಮೇಲೆ ತಂದೆಯವರ ಕಾರನ್ನೂ ಮೊದಲಿನಂತಾಗಿಸಬೇಕೆಂಬ ಆಸೆ ಇವರಲ್ಲಿ ಹುಟ್ಟಿತು. ಆಸೆಯೊಡನೆ ಅವಸರವೂ ಬಂದಿತು.

ಬಣ್ಣ ಕರಗಿಸುವ ದ್ರಾವಣದ ಡಬ್ಬಿಯೊಂದನ್ನು ಕೊಂಡು ತಂದು, ಕೆಲಸಕ್ಕೆ ಬಂದಿದ್ದ ಇಪ್ಪತ್ತರ ಹುಡುಗನ ಕೈಗಿತ್ತು, ಸಂಜೆಯೊಳಗೆ ಮುಗಿಸೆಂದು ಹೇಳಿ ಒಳಗೆ ಹೋದರು. ಮಳೆಯ ಕಾರಣ ಶೆಡ್ಡಿನ ಬಾಗಿಲು ಮುಚ್ಚಿತ್ತು. ಮಧ್ಯಾಹ್ನ ಬಾಗಿಲು ತೆರೆದಾಗ ಬಾನೆಟ್ಟಿನ ಮೇಲೆ ಬಣ್ಣದ ಜೊತೆಗೆ ಅದರಡಿಯ ರಾಳವೂ ಮೆತ್ತಗಾಗಿ ಎದ್ದು, ಗಾಜಿನ ಎಳೆಗಳು ಕಾಣುತ್ತಿದ್ದವು. “ಅಯ್ಯೋ, ಬಾನೆಟ್ಟು!” ಎಂದು ಉದ್ಗರಿಸಿದರು. ಗೋಡೆಗೊರಗಿ ತಲೆ ಹಿಡಿದು ಕುಳಿತಿದ್ದ ಹುಡುಗನು ಅವರ ಕಣ್ಣಿಗೆ ಬಿದ್ದದ್ದು ಅನಂತರ.

ಹುಡುಗ ಎರಡು ದಿನಗಳಲ್ಲಿ ಚೇತರಿಸಿಕೊಂಡನು. ಡಬ್ಬಿಯಲ್ಲಿದ್ದದ್ದು ಡೈಕ್ಲೋರೋಮೀಥೇನ್. ಅದರ ಆವಿಯನ್ನು ಉಸಿರಾಡಿದವರ ದೇಹದಲ್ಲಿ ಅದು ಕಾರ್ಬನ್ ಮೊನಾಕ್ಸೈಡ್ ಆಗಿ ಮಾರ್ಪಡುತ್ತದೆ. ಮುಚ್ಚಿದ ಕೋಣೆಯಲ್ಲಿ ಪ್ರಾಣವೇ ಹೋಗಬಹುದು. ಗೃಹಬಳಕೆಗಾಗಿ ಇಂಥ ದ್ರಾವಣವನ್ನು ಮಾರುವುದನ್ನು ಅಮೆರಿಕವು 2019ರಲ್ಲಿ ನಿಷೇಧಿಸಿತು. ಎಚ್ಚರಿಕೆ ಡಬ್ಬಿಯ ಮೇಲೆಯೇ ಇತ್ತು. “ಇಂಗ್ಲಿಷಿನಲ್ಲಿತ್ತು, ಸಾರ್” ಎಂದನಂತೆ ಹುಡುಗ. ಮೂವತ್ತು ವರ್ಷ ಇಂಗ್ಲಿಷ್ ಕಾಗದಪತ್ರಗಳನ್ನು ಓದಿ ಸಹಿ ಹಾಕಿದವರು ಅದನ್ನು ಓದಿರಲಿಲ್ಲ.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡಗಳಲ್ಲಿ ಹಿಂಸಾದಾನವನ್ನು ಹೇಳುತ್ತದೆ. ಕೊಡಲಿ, ಕತ್ತಿ, ಬೆಂಕಿ, ವಿಷ ಮೊದಲಾದ ಹಿಂಸಾಸಾಧನಗಳನ್ನು ಪರರಿಗೆ ಕೊಡುವುದೆಂದು ಅದರ ಅರ್ಥ. ಪರ್ಯೂಷಣದ ಪ್ರವಚನಗಳಲ್ಲಿ ಇದನ್ನು ಕೇಳುವಾಗ ನಮ್ಮ ಕಣ್ಣ ಮುಂದೆ ಬರುವುದು ಬೇಟೆಗಾರನೇ ಹೊರತು ಬಣ್ಣದ ಡಬ್ಬಿಯಲ್ಲ. ಕೃತ, ಕಾರಿತ, ಅನುಮೋದಿತ ಎಂಬ ಮೂರರಲ್ಲಿ ನಡುವಿನದು ಗೃಹಸ್ಥರಿಗೆ ಬಹು ಸುಲಭ. ಕೂಲಿ ಕೊಟ್ಟರೆ ಮುಗಿಯಿತೆಂದೇ ಎಣಿಕೆ.

ಬಳಿಕ ಅವರು ತಾವೇ ಕೈಯಿಕ್ಕಿದರು. ಫೈಬರ್‌ಗ್ಲಾಸಿಗೆ ಬಿಸಿಗಾಳಿಯೂ ಆಗದು, ರಾಳ ಸಡಿಲುತ್ತದೆ. ಮರಳು ಸಿಡಿಸಿದರೆ ಮೈ ತೂತಾಗುತ್ತದೆ. ಉಳಿದದ್ದು ಬ್ಲೇಡಿನಿಂದ ಮೆಲ್ಲನೆ ಎಬ್ಬಿಸುವುದು, ಧೂಳೇಳದಂತೆ ನೀರಿನಲ್ಲಿ ಅದ್ದಿದ ಉಜ್ಜುಕಾಗದದಿಂದ ತಿಕ್ಕುವುದು. ಬಾಗಿಲು ತೆರೆದಿಟ್ಟು, ಮೂಗಿಗೆ ತಕ್ಕ ಮುಖವಾಡ ತೊಟ್ಟು, ದಿನಕ್ಕೆ ಒಂದು ಗೇಣಿನಷ್ಟು. ವಾರದ ನಂತರ ಹುಡುಗನೂ ಬಂದು ಜೊತೆಗೂಡಿದನು, ಅವನಿಗೂ ಮುಖವಾಡ ಕಾದಿತ್ತು. ಬಿಳಿಯ ಕೆಳಗೆ ಹಸುರು, ಹಸುರಿನ ಕೆಳಗೆ ನೀಲಿ, ಕಡೆಗೆ ಕಾರ್ಖಾನೆಯ ಕೆನೆಬಣ್ಣ. ಎಡಬಾಗಿಲ ಕೆಳಗೆ ತಂದೆಯವರು ಕುಂಚದಿಂದ ತಾವೇ ಬಳಿದ ತೇಪೆಯೊಂದು ಸಿಕ್ಕಿತು. ಅದನ್ನು ಉಜ್ಜದೆ ಬಿಟ್ಟಿದ್ದಾರೆ.

ಇನ್ನು ಉಜ್ಜಿದ ನೀರು. ಮನೆಬಣ್ಣಗಳಲ್ಲಿ ಸೀಸವನ್ನು ಹತ್ತು ಲಕ್ಷಕ್ಕೆ 90 ಭಾಗಕ್ಕೆ ಮಿತಗೊಳಿಸಿದ ನಿಯಮ ನಮ್ಮ ದೇಶದಲ್ಲಿ ಬಂದದ್ದೇ 2016ರಲ್ಲಿ. ಈ ಪದರಗಳು ಅದಕ್ಕಿಂತ ಬಹು ಹಿಂದಿನವು, ವಾಹನದವು ಬೇರೆ. ಆ ಕಡೆಯ ಮೋರಿಗಳು ಹರಿಯುವುದು ದಳವಾಯಿ ಕೆರೆಯತ್ತ. ಆದ್ದರಿಂದ ಟಾರ್ಪಾಲಿನ ಮೇಲೆ ನಿಂತ ರಾಡಿಯನ್ನು ಬಟ್ಟೆಯಲ್ಲಿ ಹೀರಿಸಿ, ಒಣಗಿಸಿ, ಡಬ್ಬಿಗಳಲ್ಲಿ ತುಂಬಿದ್ದಾರೆ. ಬೆಳಿಗ್ಗೆ ಬರುವ ಕಸದ ಗಾಡಿಗೆ ಅದನ್ನು ಹಾಕಲು ಮನಸ್ಸು ಒಪ್ಪಿಲ್ಲ. ಅದನ್ನು ಬೇರ್ಪಡಿಸುವ ಕೈಗಳು ಯಾರವೆಂದು ಈಗ ಅವರಿಗೆ ಗೊತ್ತಿದೆ. ನಾಲ್ಕು ಡಬ್ಬಿಗಳೂ ಮುಚ್ಚಳ ಬಿಗಿದುಕೊಂಡು, ಮೇಲೆ ಕನ್ನಡದಲ್ಲಿ ‘ವಿಷ’ ಎಂದು ಬರೆಸಿಕೊಂಡು, ಶೆಡ್ಡಿನ ಅಟ್ಟದ ಮೇಲಿವೆ.